ಮಾಟುಂಗದ ಜಿಂಕೆ, ಆಂಟಾಪ್ ಹಿಲ್ಲಿನ ಪಾರಿವಾಳ

ದಾದರ್

ನನ್ನ ಜೊತೆ ನಿವೃತ್ತರಾದ ಟೀಚರುಗಳೆಲ್ಲ ಒಬ್ಬೊಬ್ಬರಾಗಿ ಪರದೇಶ ನೋಡಿ ಬಂದರು. ಸಿಂಗಪುರಕ್ಕೆ ಹೋಗಿದ್ದ ಗಣಿತದ ಟೀಚರು ಅಲ್ಲಿನ ರಸ್ತೆಯ ಮೇಲೇ ಊಟ ಬಡಿಸಬಹುದು ಎನ್ನುತ್ತಾರೆ. ದುಬೈಗೆ ಹೋಗಿದ್ದ ಹಿಂದಿ ಟೀಚರು, ಅಲ್ಲಿ ಸಿಕ್ಕವರೆಲ್ಲ ಮಲಯಾಳದಲ್ಲೇ ಮಾತಾಡಿಸಿದರೆಂದು ಇನ್ನೂ ಬೇಜಾರಿನಲ್ಲಿದ್ದಾರೆ. ಚಿತ್ರ ಬರೆಯುವುದನ್ನು ಕಲಿಸುತ್ತಿದ್ದ ನನ್ನ ಪಾಲಿಗೆ ಬಂದ ಪರದೇಶ ಮುಂಬಯಿ. ಅದೆಂಥ ಪರದೇಶ ಎಂದು ನಗುವವರು ದಾವಣಗೆರೆಯ ಹಿಂದಿ ಹೊತ್ತುಕೊಂಡು ಒಂದು ಮಳೆಗಾಲ ದಾದರ್ ಸ್ಟೇಷನ್ನಿನಲ್ಲಿ ಇಳಿದು ನೋಡಲಿ.

ನನ್ನನ್ನು ಕರೆಸಿಕೊಂಡವಳು ಶೈಲಾ, ಚಿಕ್ಕಪ್ಪನ ಮಗಳು. ಮದುವೆಯಾದಾಗಿನಿಂದ ಅಂಧೇರಿಯಲ್ಲಿದ್ದಾಳೆ. ಮಾಟುಂಗದ ಒಂದು ಕನ್ನಡ ಸಂಘಕ್ಕೆ ಸಾಂಸ್ಕೃತಿಕ ಕಾರ್ಯದರ್ಶಿ ಬೇರೆ. "ಅಕ್ಕ, ನಮ್ಮ ಸಂಘದ ಮಕ್ಕಳಿಗೆ ಬಾಟಿಕ್ ಕಲಿಸು ಬಾ. ಸಿಂಪಲ್ಲಾಗಿ. ಹೇಗೂ ಖಾಲಿ ಕೂತಿದ್ದೀಯ" ಎಂದು ಫೋನ್ ಮಾಡಿದ್ದಳು. ಆ 'ಖಾಲಿ' ಎಂಬ ಮಾತು ಚುಚ್ಚಿತು. ಆದರೆ ಅವಳು ಹೇಳಿದ್ದು ನಿಜವಾಗಿತ್ತು.

ಬಾಟಿಕ್ ಕಷ್ಟದ ವಿದ್ಯೆಯಲ್ಲ. ಬಿಸಿ ಮೇಣದಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದು ಬಣ್ಣದಲ್ಲಿ ಅದ್ದಿದರೆ ಮೇಣವಿದ್ದ ಕಡೆ ಬಣ್ಣ ಹತ್ತುವುದಿಲ್ಲ. ಒಣಗಿದ ಮೇಣ ಬಿರಿದ ಕಡೆ ಮಾತ್ರ ಬಣ್ಣ ಕದ್ದು ಒಳಗಿಳಿದು ನರದಂಥ ಗೆರೆ ಮೂಡುತ್ತದೆ. ಆ ಗೆರೆ ಎಲ್ಲಿ ಮೂಡುತ್ತದೆಂದು ಬರೆದವರಿಗೂ ಗೊತ್ತಿರುವುದಿಲ್ಲ. ಅದೇ ಅದರ ಸೊಗಸು.

ಹಾಗಾಗಿ ನನ್ನ ಚೀಲದಲ್ಲಿ ಬಟ್ಟೆಬರೆಗಿಂತ ಮೇಣದ ಗಟ್ಟಿ ಮತ್ತು ಬಣ್ಣದ ಪುಡಿಗಳೇ ಹೆಚ್ಚಿದ್ದವು. ದಾದರಿನ ಮೆಟ್ಟಿಲ ಹತ್ತಿರ ಒಬ್ಬ ಪೊಲೀಸಪ್ಪ ಚೀಲ ಬಿಚ್ಚಿಸಿದ.

"ಯೇ ಕ್ಯಾ ಹೈ?"

"ಮೇಣ" ಎಂದೆ. ಅವನ ಮುಖ ಗಂಟಿಕ್ಕಿತು. ಹಿಂದಿಯ ಶಬ್ದ ಬಾಯಿಗೆ ಬರಲಿಲ್ಲ. ದೀಪ ಹಚ್ಚಿದಂತೆ ಕೈಯಲ್ಲಿ ತೋರಿಸಿದೆ. ಬೆಂಕಿ ಹಚ್ಚುತ್ತೇನೆ ಎಂದು ಅರ್ಥ ಮಾಡಿಕೊಂಡಿರಬೇಕು, ಅವನು ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಧೈರ್ಯ ತಂದುಕೊಂಡು ಒಂದು ಪುಡಿಯ ಪೊಟ್ಟಣ ಬಿಚ್ಚಿ, ಅಂಗೈಗೆ ಸುರಿದುಕೊಂಡು ಮೂಸಿದ. ಮಳೆಯಲ್ಲಿ ನೆಂದ ಕೈ. ನೋಡನೋಡುತ್ತಿದ್ದಂತೆ ಅಂಗೈ ಮೊದಲು, ಆಮೇಲೆ ಮೀಸೆ, ಕಡು ನೀಲಿಯಾಯಿತು. ಒರೆಸಿಕೊಂಡಷ್ಟೂ ಹರಡಿತು. ಅಲ್ಲಿದ್ದ ಹೂವಿನ ಹೆಂಗಸು ಬಿದ್ದು ಬಿದ್ದು ನಕ್ಕಳು. "ಜಾವ್, ಜಾವ್" ಎಂದು ಅವನು ನನ್ನನ್ನು ಓಡಿಸಿದ. ಪರದೇಶಕ್ಕೆ ಹೋದವರೆಲ್ಲ ಕಸ್ಟಮ್ಸಿನ ಕಥೆ ಹೇಳುತ್ತಾರೆ. ನನ್ನ ಕಸ್ಟಮ್ಸು ಇಷ್ಟರಲ್ಲೇ ಮುಗಿಯಿತು.

ಅಂಧೇರಿ

ವೀಸಾ ಮಾತ್ರ ಸಿಕ್ಕಿದ್ದು ಅಂಧೇರಿಯಲ್ಲಿ. ಶೈಲಾಳ ಬಿಲ್ಡಿಂಗಿನ ವಾಚ್‌ಮನ್ ನನ್ನ ಫೋಟೋ ತೆಗೆದು, ಅದನ್ನು ಮೇಲಕ್ಕೆ ಕಳಿಸಿ, ಅನುಮತಿ ಬರುವವರೆಗೆ ಗೇಟಿನಲ್ಲೇ ನಿಲ್ಲಿಸಿದ. ಶೈಲಾ ಸ್ನಾನಕ್ಕೆ ಹೋಗಿದ್ದಳಂತೆ. ನಮ್ಮ ಬೀದಿಯಲ್ಲಿ ನೆಂಟರು ಬಂದರೆ ಮನೆಯವರಿಗಿಂತ ಮೊದಲು ಪಕ್ಕದ ಮನೆಯವರಿಗೆ ಗೊತ್ತಾಗಿ, ಕಾಫಿಗೂ ಅವರೇ ಕರೆದಿರುತ್ತಾರೆ. ಇಲ್ಲಿ ಶೈಲಾಳ ಎದುರು ಮನೆಯವರ ಹೆಸರು ಶೈಲಾಳಿಗೇ ಗೊತ್ತಿಲ್ಲ. "ಅವರದ್ದು ನಾಯಿ ಇದೆ, ಕುಕೀ ಅಂತ" ಎಂದಳು. ನಾಯಿಯ ಹೆಸರಾದರೂ ತಿಳಿದಿದೆಯಲ್ಲ ಎಂದು ಸಮಾಧಾನಪಟ್ಟೆ.

ಅವಳ ಮಗ ಆರ್ಯನ್ ಬಾಗಿಲಲ್ಲೇ ಕೇಳಿದ. "ಮೌಸಿ, ನೀನು ರಿಯಲ್ ಆರ್ಟಿಸ್ಟಾ?"

"ಮೌಸಿ ಅಲ್ಲ ಕಂದ, ದೊಡ್ಡಮ್ಮ ಅನ್ನು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಲೇಕಿನ್ ನೀನು ದೊಡ್ಡ ಇಲ್ಲ. ಮಮ್ಮೀನೇ ದೊಡ್ಡ ಇದಾಳೆ."

ಸಂಜೆ ಶೈಲಾ ಶಿಬಿರದ ಪೋಸ್ಟರ್ ತೋರಿಸಿದಳು. ಬಣ್ಣಬಣ್ಣದ ಅಕ್ಷರಗಳಲ್ಲಿ 'ಮಕ್ಕಳ ಬೊಟಿಕ್ ಶಿಬಿರ' ಎಂದಿತ್ತು.

"ಶೈಲೂ, ಇದು ಬಾಟಿಕ್ ಅಲ್ಲ, ಬೊಟಿಕ್. ಬಟ್ಟೆ ಅಂಗಡಿ."

"ಒಂದು ಅಕ್ಷರ ಅಕ್ಕ. ಯಾರು ಓದ್ತಾರೆ?"

"ಕನ್ನಡ ಸಂಘದಲ್ಲೂ ಓದಲ್ವಾ?"

"ಅಲ್ಲಿ ಎಲ್ಲರೂ ಭಾಷಣ ಮಾಡ್ತಾರೆ" ಎಂದಳು, ಒಂದಿಷ್ಟೂ ನಗದೆ.

ಮಾಟುಂಗ

ಓದಿದವರು ಇದ್ದರು. ಶಿಬಿರದ ದಿನ ಇಬ್ಬರು ಹೆಂಗಸರು ಬ್ಲೌಸ್ ಪೀಸು ಹಿಡಿದುಕೊಂಡು ಬಂದು, ಅಳತೆ ಯಾವಾಗ ತಗೋತೀರಿ ಎಂದು ಕೇಳಿದರು. ತಮ್ಮ ಮಕ್ಕಳನ್ನು ಬಿಟ್ಟು ಹೋಗಿ ಎಂದು ಬೇಡಿಕೊಂಡೆ.

ಸಂಘದ ಹಾಲ್ ಇರುವುದು ಅಧ್ಯಕ್ಷರಾದ ಶೆಟ್ಟರ ಹೋಟೆಲಿನ ಮೇಲೆ. ಶೆಟ್ಟರು ಉಡುಪಿ ಕಡೆಯವರು. ಬಿಳಿ ಅಂಗಿ, ಬಿಳಿ ಪ್ಯಾಂಟು, ಗಟ್ಟಿ ದನಿ. ನಾನು ಸ್ಟವ್ ಇಟ್ಟು ಮೇಣದ ಪಾತ್ರೆ ಏರಿಸುವಷ್ಟರಲ್ಲಿ ಓಡಿ ಬಂದರು.

"ಎಂಥ ಟೀಚರ್ ಇದು! ಹಾಲಿನಲ್ಲಿ ಬೆಂಕಿ ಹಚ್ಚಲಿಕ್ಕೆ ಇಲ್ಲ ಮಾರಾಯ್ರೆ. ಡೇಂಜರ್."

"ಕೆಳಗೆ ನಿಮ್ಮ ಅಡುಗೆಮನೆಯಲ್ಲಿ ಬೆಳಗಿನಿಂದ ಉರೀತಾ ಇದೆಯಲ್ಲ ಶೆಟ್ರೇ?"

"ಅದು ಲೈಸೆನ್ಸ್ ಇದ್ದ ಬೆಂಕಿ" ಎಂದರು.

ಬೆಂಕಿಯಲ್ಲೂ ಜಾತಿ ಉಂಟೆಂದು ಆವತ್ತು ತಿಳಿಯಿತು. ಪೊಲೀಸಪ್ಪನ ಮೀಸೆಯನ್ನು ಬಲಿ ಕೊಟ್ಟು ತಂದ ಮೇಣವನ್ನೆಲ್ಲ ಕಟ್ಟಿ ಮೂಲೆಗಿಟ್ಟೆ. ಮಕ್ಕಳು ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದ್ದರು. ಪುಣ್ಯಕ್ಕೆ ಮೇಣವಿಲ್ಲದೆಯೂ ಇದನ್ನು ಮಾಡುವ ಒಂದು ದಾರಿಯಿದೆ. ಮೈದಾ ಹಿಟ್ಟು ಕಲಸಿ, ಚಿಟಿಕೆ ಪಟಿಕದ ಪುಡಿ ಹಾಕಿ, ಬಟ್ಟೆಗೆ ಸವರಿ ಒಣಗಿಸಬೇಕು. ಒಣಗಿ ಬಿರಿದ ಮೇಲೆ ಗಟ್ಟಿ ಬಣ್ಣ ತಿಕ್ಕಿ, ಬಣ್ಣ ಒಣಗಿದ ಮೇಲೆ ನೀರಲ್ಲಿ ನೆನೆಸಿ ಹಿಟ್ಟನ್ನು ಕೆರೆದು ತೆಗೆದರೆ ಆಯಿತು. ಪರೋಟದ ಮೈದಾ ಕೆಳಗಿನಿಂದ ಬಂತು. ಆರ್ಯನ್ ಸೇರಿ ಸಣ್ಣ ಮಕ್ಕಳಿಗೆಲ್ಲ, ಬರಿಯ ಬಟ್ಟೆಯ ಮೇಲೆ ಗೆರೆ ಎಳೆಯಲು, ಮೆಹಂದಿಯ ಕೋನಿನಲ್ಲಿ ಹಿಟ್ಟು ತುಂಬಿ ಕೊಟ್ಟೆ. ದೊಡ್ಡ ಮಕ್ಕಳಿಗೆ ಹಿಟ್ಟು ಸವರಿದ ಬಟ್ಟೆಯ ಮೇಲೆ ಗೀಚಲು ಹಲ್ಲುಕಡ್ಡಿ ಕೊಟ್ಟೆ.

ನಮ್ಮೂರ ಮಕ್ಕಳು ಚಿತ್ರ ಬರೆಯಿರಿ ಎಂದ ಕೂಡಲೇ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ ಬರೆದು ಮುಗಿಸಿಬಿಡುತ್ತವೆ. ಸುತ್ತ ಗುಡ್ಡವೂ ಇಲ್ಲ, ಹೊಳೆಯೂ ಇಲ್ಲ, ಆದರೂ ಬಿಡುವುದಿಲ್ಲ. ಮುಂಬಯಿಯ ಮಕ್ಕಳು ಬರೆಯುವ ಮೊದಲು ಪ್ರಶ್ನೆ ಕೇಳಿದವು. "ಆಂಟಿ, ರೆಫರೆನ್ಸ್ ಫೋಟೋ ಎಲ್ಲಿ?" "ಆಂಟಿ, ಇದಕ್ಕೆ ಮಾರ್ಕ್ಸ್ ಇದೆಯಾ?" ಮಕ್ಕಳಿಗಿಂತ ಕಷ್ಟ ಅವರ ತಾಯಂದಿರದ್ದು. ಮಗುವಿನ ಹಿಂದೆ ನಿಂತು, ಅದರ ಕೈ ಹಿಡಿದು, ತಾವೇ ನವಿಲು ಬರೆಯುತ್ತಿದ್ದರು. ಕೆಳಗೆ ಹೋಗಿ ಕಾಫಿ ಕುಡಿದು ಬನ್ನಿ ಎಂದು ಅಟ್ಟಿದೆ. ಕುಡಿದು ಬಂದು ಮತ್ತೆ ನವಿಲಿಗೆ ಕೈ ಹಾಕಿದರು.

ಹಿಂದೆ ತಾಯಿ ನಿಂತಿರದ ಹುಡುಗಿ ಒಬ್ಬಳೇ, ಪ್ರಾಪ್ತಿ. ಆಂಟಾಪ್ ಹಿಲ್ಲಿನವಳು. ಎರಡು ಜಡೆ. ಅಪ್ಪ ಅಮ್ಮ ಇಬ್ಬರಿಗೂ ಆಗ ಡ್ಯೂಟಿ. ಹಿಟ್ಟನ್ನು ದೋಸೆಯಷ್ಟು ದಪ್ಪ ಸವರಿಕೊಂಡು, ನಾಲಿಗೆ ಕಚ್ಚಿ ಹಿಡಿದು ಹಲ್ಲುಕಡ್ಡಿಯಲ್ಲಿ ಗೀಚುತ್ತಿದ್ದಳು.

"ಏನು ಪುಟ್ಟಿ ಇದು?"

"ಕಬೂತರ್. ಕನ್ನಡದಲ್ಲಿ... ಪಾರಿ..."

"ಪಾರಿವಾಳ."

"ಹಾಂ, ಅದು. ನಮ್ಮ ಬಾಲ್ಕನಿಯಲ್ಲಿ ದಿನಾ ಕೂತ್ಕೊಳ್ಳುತ್ತೆ. ಅಜ್ಜಿ ಬೈತಾರೆ, ಅದು ಹೋಗಲ್ಲ."

ಎಲ್ಲ ಸರಿಹೋಯಿತು ಎನ್ನುವಾಗ ಮುಂಬಯಿಯ ಮಳೆ ಅಡ್ಡ ನಿಂತಿತು. ದಾವಣಗೆರೆಯ ಬಿಸಿಲಿಗೆ ಬಟ್ಟೆ ಹಿಂಡುವಷ್ಟರಲ್ಲೇ ಒಣಗುತ್ತದೆ. ಮಾಟುಂಗದಲ್ಲಿ ಹಿಟ್ಟು ಒಣಗುವ ಬದಲು ಇನ್ನಷ್ಟು ನೀರು ಬಿಟ್ಟಿತು. ತಾಯಂದಿರು ಕೊನೆಗೂ ಉಪಯೋಗಕ್ಕೆ ಬಂದರು. ಹತ್ತಿರದಲ್ಲಿ ಮನೆಯಿದ್ದವರೆಲ್ಲ ಓಡಿಹೋಗಿ ಹೇರ್ ಡ್ರೈಯರ್ ತಂದರು. ಎಲ್ಲವನ್ನೂ ಒಂದೇ ಬಾರಿ ಚಾಲೂ ಮಾಡಿದ್ದೇ ತಡ, ಟಪ್ ಎಂದು ಹಾಲಿನಲ್ಲೂ ಕೆಳಗಿನ ಹೋಟೆಲಿನಲ್ಲೂ ಕರೆಂಟು ಹೋಯಿತು. ಅದು ಸಂಜೆಯ ಟಿಫಿನ್ ಹೊತ್ತು. ಶೆಟ್ಟರು ಮತ್ತೆ ಮೇಲೆ ಬಂದರು.

"ಟೀಚರ್, ನನ್ನ ಚಟ್ನಿ ಮಿಕ್ಸಿ ನಿಂತಿತು. ಕೆಳಗೆ ಜನ ದೋಸೆ ಹಿಡ್ಕೊಂಡು ಕೂತಿದ್ದಾರೆ. ನಿಮಗೆ ಬಟ್ಟೆ ಒಣಗಬೇಕು, ಅಷ್ಟೇ ಅಲ್ವಾ?"

"ಅಷ್ಟೇ."

"ಕೊಡಿ ಇಲ್ಲಿ." ರಟ್ಟಿಗೆ ಪಿನ್ನು ಚುಚ್ಚಿದ್ದ ಬಟ್ಟೆಗಳನ್ನೆಲ್ಲ ಅಡುಗೆಮನೆಗೆ ಹೊರಿಸಿ, ದೋಸೆ ಕಾವಲಿಯ ಹಿಂದಿನ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿಬಿಟ್ಟರು. ಕರೆಂಟು ಬರುವ ಮೊದಲೇ ಹಿಟ್ಟು ಹಪ್ಪಳವಾಯಿತು. ಬಟ್ಟೆಗೆಲ್ಲ ಇಂಗಿನ ವಾಸನೆ ಹತ್ತಿತು, ಅದಿರಲಿ.

ಮರುದಿನ ಬಣ್ಣ ತಿಕ್ಕಿ, ನೆನೆಸಿ, ಹಿಟ್ಟು ಕೆರೆದೆವು. ಪ್ರಾಪ್ತಿಯ ಬಟ್ಟೆ ಹೊರಬಂದಾಗ ನನ್ನ ಕೈ ನಿಂತಿತು. ಬೆಳ್ಳನೆಯ ಬಟ್ಟೆಯ ಮೇಲೆ ನೀಲಿ ಗೆರೆಯ ಪಾರಿವಾಳ, ಕುತ್ತಿಗೆ ಉಬ್ಬಿಸಿಕೊಂಡು, ಥೇಟ್ ಬೈಸಿಕೊಂಡೂ ಕದಲದ ಹಾಗೆ ಕೂತಿತ್ತು. ದಪ್ಪ ಹಿಟ್ಟು ಸುತ್ತಲೂ ಬಿರಿದು, ಸಣ್ಣ ಸಣ್ಣ ಚೌಕದ ಗೆರೆಗಳು ಇಡೀ ಬಟ್ಟೆಗೆ ಹಬ್ಬಿದ್ದವು. ಈ ಊರಿನ ಪ್ರತಿ ಬಾಲ್ಕನಿಗೂ ಕಟ್ಟಿರುತ್ತಾರಲ್ಲ, ಹಕ್ಕಿ ಬರಬಾರದೆಂದು, ಅದೇ ಬಲೆ.

"ಜಾಲೀ ನಾನು ಬರೆದಿಲ್ಲ ಆಂಟಿ, ಅದೇ ಬಂತು!" ಎಂದು ಅವಳು ಕುಣಿದಳು. ಇಷ್ಟು ವರ್ಷ ಮಕ್ಕಳಿಗೆ ಕಲಿಸಿದ್ದರಲ್ಲಿ ಅಂಥದ್ದೊಂದು ನನಗೆ ಸಿಕ್ಕಿರಲಿಲ್ಲ.

ಬಟ್ಟೆಗಳನ್ನೆಲ್ಲ ಶೈಲಾ ತೆಗೆದುಕೊಂಡಳು. "ಇಸ್ತ್ರಿ ಮಾಡಿಸಿ, ಮುಂದಿನ ಭಾನುವಾರ ಪ್ರದರ್ಶನಕ್ಕೆ ನಾನೇ ಹಾಕಿಸ್ತೀನಿ. ನೀನು ಆರಾಮಾಗಿರು" ಎಂದಳು.

ಆಂಟಾಪ್ ಹಿಲ್

ವಾರದ ನಡುವೆ ಪ್ರಾಪ್ತಿಯ ಮನೆಯಿಂದ ಊಟಕ್ಕೆ ಕರೆ ಬಂತು. ಕರೆದದ್ದು ಅಜ್ಜಿ. ಕಾಲೊನಿಯ ಮೆಟ್ಟಿಲು ಹತ್ತುವಾಗ ಒಂದು ಬಾಗಿಲಿನಿಂದ ತಮಿಳು, ಇನ್ನೊಂದರಿಂದ ತುಳು, ಮತ್ತೊಂದರಿಂದ ಮೀನು ಹುರಿಯುವ ಸದ್ದು. ಎಲ್ಲ ಬಾಗಿಲೂ ತೆರೆದಿದ್ದವು. "ಟೀಚರಾ? ಪ್ರಾಪ್ತಿಯ ಟೀಚರಾ? ಮೇಲೆ, ಮೇಲೆ" ಎಂದು ಮಹಡಿಯಿಂದ ಮಹಡಿಗೆ ನನ್ನನ್ನು ದಾಟಿಸಿದರು. ಯಾರೂ ಫೋಟೋ ತೆಗೆಯಲಿಲ್ಲ.

ಅಜ್ಜಿ ಕಾಪು ಕಡೆಯವರು. ಮೊಣಕಾಲು ನೋವಿನಿಂದ ಮನೆ ಬಿಟ್ಟು ಇಳಿಯುವುದೇ ಅಪರೂಪ. ನಾಲಿಗೆಗೆ ಮಾತ್ರ ಯಾವ ನೋವೂ ಇರಲಿಲ್ಲ.

"ನಿಮ್ಮ ಸಂಘಕ್ಕೆ ನಾವು ನೆನಪಾಗುವುದು ಕುರ್ಚಿ ತುಂಬಿಸಲಿಕ್ಕೆ ಟೀಚರ್. ವೇದಿಕೆ ಹತ್ತುವ ಮಕ್ಕಳೆಲ್ಲ ಅಂಧೇರಿ, ಘಾಟ್ಕೋಪರಿನವು. ಇವಳು ಕಳೆದ ವರ್ಷ ನಾಟಕದಲ್ಲಿ ಮರ ಆಗಿದ್ದಳು. ಅದಕ್ಕೂ ಮೊದಲಿನ ವರ್ಷವೂ ಮರವೇ."

"ಈ ಸಲ ಇವಳ ಪಾರಿವಾಳ ಗೋಡೆಗೇರುತ್ತೆ ಅಜ್ಜಿ. ನಾನು ಕಣ್ಣಾರೆ ನೋಡಿದ್ದೀನಿ."

"ಹಾಗಾದರೆ ನಾನು ಬರ್ತೇನೆ. ಟ್ಯಾಕ್ಸಿಯಾದರೂ ಸರಿ" ಎಂದರು ಅಜ್ಜಿ. ಪ್ರಾಪ್ತಿ ಬಾಗಿಲಾಚೆ ಓಡಿ, ಅಜ್ಜಿ ಬರುತ್ತಾರೆಂದು ಮಹಡಿಗೆಲ್ಲ ಕೇಳುವ ಹಾಗೆ ಕೂಗಿದಳು. ಪಾರಿವಾಳದ ವಿಷಯ ಮೊದಲೇ ಎಲ್ಲರಿಗೂ ಹೇಳಿ ಮುಗಿಸಿದ್ದಳಂತೆ. ಕೋಳಿಸಾರಿನ ಕೋರಿರೊಟ್ಟಿಗೆ ಹೆಸರಾದ ಸೀಮೆಯ ಆ ಅಜ್ಜಿ ಲಿಂಗಾಯತಳಾದ ನನಗೆಂದು ಬೇರೆ ಪಾತ್ರೆಯಲ್ಲಿ ಬಸಳೆ ಸೊಪ್ಪಿನ ಹುಳಿ ಮಾಡಿದ್ದರು. ಎರಡು ಸಲ ಹಾಕಿಸಿಕೊಂಡು ಉಂಡು ಬಂದೆ.

ಮತ್ತೆ ಮಾಟುಂಗ

ಭಾನುವಾರ ಹಾಲಿನೊಳಗೆ ಕಾಲಿಟ್ಟರೆ ಗೋಡೆಯ ತುಂಬ ಜಿಂಕೆ. ಜಿಂಕೆ, ಆನೆ, ಕಣ್ಣು ಮುಚ್ಚಿದ ಬುದ್ಧ, ಕೊಡ ಹೊತ್ತ ಹೆಂಗಸು. ಎಲ್ಲಕ್ಕೂ ಚಿನ್ನದ ಅಂಚಿನ ಫ್ರೇಮು. ಕೆಳಗೆ ಒಂದೊಂದರಲ್ಲೂ ಒಂದೊಂದು ಮಗುವಿನ ಹೆಸರು. ಹತ್ತಿರ ಹೋಗಿ ನೋಡಿದೆ. ಎಲ್ಲ ಜಿಂಕೆಗಳಿಗೂ ಎಡಗಿವಿಯ ಅದೇ ಜಾಗದಲ್ಲಿ ಅದೇ ಬಿರುಕು. ಬಿರುಕನ್ನೂ ಮಿಷನ್ನಿನಲ್ಲಿ ಅಚ್ಚು ಹಾಕಿದ ಅಂಗಡಿಯ ಮಾಲು.

ಶೈಲಾಳನ್ನು ಮೂಲೆಗೆ ಎಳೆದೆ. "ಏನೇ ಇದು?"

"ಮೆಲ್ಲಗೆ ಮಾತಾಡು ಅಕ್ಕ. ಚೀಫ್ ಗೆಸ್ಟ್ ಸೀರಿಯಲ್ ನಟ. ಫೋಟೋ ಎಲ್ಲ ಕಡೆ ಹೋಗುತ್ತೆ. ಮಕ್ಕಳದ್ದು ಒಂದೆರಡು ಗೋಡೆಗೆ ಹಾಕಿ ನೋಡಿದೆ, ಸಂಘದವರು ಒರೆಸೋ ಬಟ್ಟೆ ಒಣಗಿಹಾಕಿದ್ದಾರೆ ಅನ್ನೋ ಹಾಗಿತ್ತು."

"ಮಕ್ಕಳು ಮಾಡಿದ್ದು ಇದಲ್ಲವಲ್ಲ!"

"ಹೆಸರು ಮಕ್ಕಳದ್ದೇ ಹಾಕಿದ್ದೀನಲ್ಲ."

"ಅವರ ಬಟ್ಟೆಗಳು ಎಲ್ಲಿ?"

"ವೇದಿಕೆಯ ಟೇಬಲ್ ಕೆಳಗೆ, ಚೀಲದಲ್ಲಿದೆ. ಆಮೇಲೆ ಕೊಟ್ಟರಾಯ್ತು. ಇವತ್ತೊಂದು ದಿನ ಸುಮ್ಮನಿರು ಅಕ್ಕ, ನಿನ್ನ ದಮ್ಮಯ್ಯ."

ನಾನು ಸುಮ್ಮನಾದೆ. ಒಂದು ವಾರದಿಂದ ಅವಳ ಮನೆಯಲ್ಲಿ ಉಣ್ಣುತ್ತಿದ್ದವಳು. ಪರದೇಶದಲ್ಲಿ ಜಗಳ ಮಾಡಿಕೊಂಡರೆ ಸ್ಟೇಷನ್ನಿಗೆ ದಾರಿ ತೋರಿಸುವವರೂ ಇರುವುದಿಲ್ಲ. ಇಂಥ ಲೆಕ್ಕಾಚಾರದಲ್ಲೇ ನಾನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತೆ. ಮಕ್ಕಳು ಬಂದು ತಮ್ಮ ತಮ್ಮ ಹೆಸರು ಹುಡುಕಿ, ಮೇಲಿನ ಆನೆಯನ್ನು ನೋಡಿ, ನನ್ನ ಕಡೆ ತಿರುಗಿ ನೋಡಿದವು. ನಾನು ಫ್ಯಾನು ನೋಡಿದೆ. ತಾಯಂದಿರು ಆನೆಯ ಪಕ್ಕ ಮಗುವನ್ನು ನಿಲ್ಲಿಸಿ ಫೋಟೋ ತೆಗೆದರು. ಒಬ್ಬಳಾದರೂ ಇದೇನು ಎಂದು ಕೇಳಲಿಲ್ಲ. ಆಂಟಾಪ್ ಹಿಲ್ಲಿನಿಂದ ಅಜ್ಜಿ, ಇಬ್ಬರು ನೆರೆಯವರ ಹೆಗಲು ಹಿಡಿದು, ಮೆಟ್ಟಿಲು ಹತ್ತಿ ಬಂದರು. ಪ್ರಾಪ್ತಿ ಅವರ ಸೆರಗು ಹಿಡಿದು ಗೋಡೆಯಿಂದ ಗೋಡೆಗೆ ಕಣ್ಣಾಡಿಸುತ್ತಿದ್ದಳು.

ಚೀಫ್ ಗೆಸ್ಟ್ ಬಂದರು. ಹಿಂದಿ ಧಾರಾವಾಹಿಗಳಲ್ಲಿ ಸದಾ ಮಾವನಾಗಿ ಎದೆ ಹಿಡಿದುಕೊಳ್ಳುವವರು, ಮೂಲತಃ ಕುಂದಾಪುರದವರಂತೆ. ಶೆಟ್ಟರು ಒಂದೊಂದೇ ಫ್ರೇಮು ತೋರಿಸುತ್ತ ಕರೆದೊಯ್ದರು. ಒಂದು ಜಿಂಕೆಯ ಮುಂದೆ ನಿಂತು ಅವರು ಕೆಳಗಿನ ಹೆಸರು ಓದಿದರು.

"ಪ್ರಾಪ್ತಿ ಯಾರು? ಬಾ ಮಗು. ಎಷ್ಟು ಚಂದ ಮಾಡಿದ್ದೀ! ಈ ಜಿಂಕೆ ನೀನೇ ಮಾಡಿದ್ದಾ?"

ಫೋನುಗಳೆಲ್ಲ ಮೇಲೆದ್ದವು. ನಟನ ಬೆನ್ನ ಹಿಂದಿನಿಂದ ಶೈಲಾ, ಹೌದು ಅನ್ನು, ಹೌದು ಅನ್ನು ಎಂದು ತಲೆಯಾಡಿಸುತ್ತಿದ್ದಳು. ಪ್ರಾಪ್ತಿ ಅಜ್ಜಿಯನ್ನು ನೋಡಿದಳು. ಆಮೇಲೆ ನನ್ನನ್ನು. ಈ ಸಲ ನನಗೆ ಫ್ಯಾನು ನೋಡಲು ಆಗಲಿಲ್ಲ.

"ನಹೀ" ಎಂದಳು. "ಜಿಂಕೆ ನಂದು ಅಲ್ಲ. ನಾನು ಪಾರಿವಾಳ ಮಾಡಿದ್ದು. ಅದು... ಅದು ಕಳೆದುಹೋಗಿದೆ." ಅಲ್ಲಿಯವರೆಗೆ ತಡೆದಿದ್ದ ಅಳು ಬಂದುಬಿಟ್ಟಿತು.

ನಾನು ಯೋಚನೆ ಮಾಡಲಿಲ್ಲ. ಎದ್ದು ವೇದಿಕೆ ಹತ್ತಿ, ಮೇಜಿನ ಬಿಳಿ ಬಟ್ಟೆಯನ್ನೆತ್ತಿ, ಮೊಣಕಾಲೂರಿ ಕೆಳಗೆ ನುಗ್ಗಿದೆ. ಹಾರ, ಶಾಲು, ನೆನಪಿನ ಕಾಣಿಕೆಗಳ ಹಿಂದೆ ಚೀಲ ಇತ್ತು. ಹಿಮ್ಮುಖವಾಗಿ ತೆವಳಿ ಹೊರಬಂದಾಗ ಸಭೆಗೆ ಕಂಡದ್ದು ನನ್ನ ಯಾವ ಭಾಗವೋ, ಅದರ ಫೋಟೋವೂ ಎಲ್ಲ ಕಡೆ ಹೋಗಿರಬೇಕು.

"ಕಳೆದುಹೋಗಿಲ್ಲ ಪುಟ್ಟಿ. ಇಲ್ಲಿದೆ. ಎಲ್ಲರದ್ದೂ ಇದೆ, ಬನ್ನಿ" ಎಂದೆ. ಮಕ್ಕಳು ಚೀಲಕ್ಕೆ ಮುತ್ತಿಗೆ ಹಾಕಿದವು. ಕ್ಲಿಪ್ಪು, ಸೇಫ್ಟಿ ಪಿನ್ನು, ತಾಯಂದಿರ ತಲೆಯ ಹೇರ್‌ಪಿನ್ನು, ಏನು ಸಿಕ್ಕಿತೋ ಅದರಲ್ಲಿ ಜಿಂಕೆಗಳ ಮೇಲೇ ತಮ್ಮ ಬಟ್ಟೆಗಳನ್ನು ನೇತುಹಾಕಿದವು. ವಡಾಪಾವ್ ಒಂದು. ಬೆಕ್ಕೋ ಬಸ್ಸೋ ತಿಳಿಯದ್ದೊಂದು. ಹಾಲಿನ ತುಂಬ ಇಂಗಿನ ವಾಸನೆ. ತಾಯಂದಿರು ಬರೆದುಕೊಟ್ಟ ನವಿಲುಗಳೂ ಇದ್ದವು, ಆದರೆ ಅವುಗಳ ಮುಂದೆ ಯಾರೂ ನಿಲ್ಲಲಿಲ್ಲ.

ನಟ ಬಹಳ ಹೊತ್ತು ಪಾರಿವಾಳ ನೋಡಿದರು. ಆಮೇಲೆ ಶೆಟ್ಟರ ಕಡೆ ತಿರುಗಿ ಹೇಳಿದರು. "ನಾನು ದಿನಾ ಸುಳ್ಳು ಅಳು ಅಳುವವ ಶೆಟ್ರೇ. ಆದರೆ ಇಷ್ಟು ವರ್ಷದಲ್ಲಿ ನನ್ನ ಹೆಸರಲ್ಲಿ ಬೇರೆಯವರು ಅತ್ತದ್ದಿಲ್ಲ."

ಶೆಟ್ಟರ ಮುಖ ಕೆಂಪಾಯಿತು. ಆದರೆ ಸಂಘದ ಅಧ್ಯಕ್ಷರು ಬರೀ ಕುರ್ಚಿಯಿಂದ ಆಗುವುದಿಲ್ಲ. ಮೈಕು ಕೈಗೆ ಬರುವಷ್ಟರಲ್ಲಿ ಚೇತರಿಸಿಕೊಂಡರು. "ಬಂಧುಗಳೇ, ಮಕ್ಕಳ ಸ್ವಂತ ಪ್ರತಿಭೆಗೇ ಬೆಲೆ ಎಂಬುದು ನಮ್ಮ ಸಂಘದ ಸಿದ್ಧಾಂತ. ಈ ಚಿತ್ರಗಳು ನಮ್ಮದೇ ದೋಸೆ ಕಾವಲಿಯ ಬಿಸಿಯಲ್ಲಿ ಒಣಗಿದ್ದು ಎನ್ನಲಿಕ್ಕೆ ನನಗೆ ಹೆಮ್ಮೆ ಉಂಟು" ಎಂದರು. ಭಾರಿ ಚಪ್ಪಾಳೆ ಬಿತ್ತು. ಜಿಂಕೆಗಳನ್ನು ತರಿಸಿದವರು ಯಾರೆಂದು ಯಾರೂ ಕೇಳಲಿಲ್ಲ.

ಅಜ್ಜಿ ಪಾರಿವಾಳದ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಕಾರ್ಯಕ್ರಮ ಮುಗಿದ ಮೇಲೂ ಏಳಲಿಲ್ಲ.

ವಾಪಸು ಅಂಧೇರಿಗೆ

ಕಾರಿನಲ್ಲಿ ಶೈಲಾ ನನ್ನ ಜೊತೆ ಮಾತಾಡಲಿಲ್ಲ. ಮಳೆ, ಟ್ರಾಫಿಕ್ಕು. ಕಾರು ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು. ನಾಳೆ ಬೆಳಗಾಗುವುದರೊಳಗೆ ಊರಿನ ನೆಂಟರಿಗೆಲ್ಲ ನನ್ನ ವಿಷಯ ತಲುಪಿರುತ್ತದೆ ಎಂದುಕೊಂಡೆ. ಹೇಳಿಕೊಳ್ಳಲಿ. ಹಿಂದಿನ ಸೀಟಿನಲ್ಲಿ ಆರ್ಯನ್ ತನ್ನ ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದ. ಅವನದ್ದೂ ಅಲ್ಲಿಯವರೆಗೆ ಅದೇ ಚೀಲದಲ್ಲಿ, ಯಾರ ಕಣ್ಣಿಗೂ ಬೀಳದೆ, ಮಡಿಸಿಟ್ಟಿತ್ತು.

ಒಂದು ಸಿಗ್ನಲ್ಲಿನಲ್ಲಿ ಬಹಳ ಹೊತ್ತು ನಿಂತೆವು. ಶೈಲಾ ಕನ್ನಡಿಯಲ್ಲಿ ಮಗನನ್ನು ನೋಡಿದಳು.

"ಏನೋ ಅದು? ರಾಕ್ಷಸನಾ?"

"ರಾಕ್ಷಸ ಅಲ್ಲ. ನೀನು."

ಅವಳು ತಿರುಗಿ, ಬಟ್ಟೆಯನ್ನು ಕಿತ್ತುಕೊಂಡು, ಸ್ಟಿಯರಿಂಗಿನ ಮೇಲೆ ಹರಡಿದಳು. ಕೆಂಪು ನೆಲದ ಮೇಲೆ ಬಿಳಿ ಗೆರೆಯ ಹೆಂಗಸು. ದೇವಿಯ ಹಾಗೆ ನಾಲ್ಕು ಕೈ. ಒಂದರಲ್ಲಿ ಫೋನು, ಒಂದರಲ್ಲಿ ಲ್ಯಾಪ್‌ಟಾಪು, ಒಂದರಲ್ಲಿ ಲಟ್ಟಣಿಗೆ. ನಾಲ್ಕನೆಯ ಕೈ ಒಬ್ಬ ಪುಟ್ಟ ಹುಡುಗನ ತಲೆಯ ಮೇಲಿತ್ತು. ಮುಖದ ಮಧ್ಯೆ ಬದನೆಕಾಯಿಯಂಥ ಮೂಗು.

ಹಿಂದಿನ ಕಾರಿನವರು ಹಾರ್ನ್ ಹೊಡೆದರು. ಹಸಿರು ಬಿದ್ದಿತ್ತು. ಶೈಲಾ ಕದಲಲಿಲ್ಲ. ಕಣ್ಣು ತುಂಬಿಕೊಂಡಿದ್ದಳು, ಅದನ್ನು ಒರೆಸಿಕೊಂಡು, ಕಾರು ಹತ್ತಿದ ಮೇಲಿನ ಮೊದಲನೇ ಮಾತು ನನ್ನೊಂದಿಗೆ ಆಡಿದಳು.

"ನಿಜ ಹೇಳು ಅಕ್ಕ. ನನ್ನ ಮೂಗು ಅಷ್ಟು ದೊಡ್ಡದಾ?"

ನಮ್ಮ ವಂಶದ ಮೂಗು ಅದು. ಚಿಕ್ಕಪ್ಪನದ್ದೂ ಹಾಗೇ ಇತ್ತು. ಹುಡುಗ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದ.

"ಛೆ, ಇಲ್ಲ ಕಣೇ. ಮೈದಾ ಹರಡಿಕೊಂಡಿದೆ ಅಷ್ಟೆ" ಎಂದೆ.